ಡ್ಯಾನ್‌ಫೋರ್ತ್ ಮಾದರಿ ಲಂಗರು: ಹೊಯ್ಗೇಲಿ ಬಂಗಾರ, ನೀರು ತಿರುಗಿದ್ರೆ ತಲೆನೋವು

ನಮ್ದು ಸಣ್ಣ ಫೈಬರ್ ದೋಣಿ, ರಜೆ ಸಿಕ್ಕಾಗ ಉಡುಪಿ ಕಡೆಯ ಕೋಡಿ ಬೆಂಗ್ರೆ ಅಳಿವೆ ಹತ್ರ ಗಾಳ ಹಾಕೋಕೆ ಹೋಗೋದು. ಮೊದ್ಲಿದ್ದ ನಾಲ್ಕು ಕೊಕ್ಕೆ ಲಂಗರು ಬಂಡೆ ಸಂದಿಗೆ ಸಿಕ್ಕಿದ್ರೆ ಉಂಟು, ಹೊಯ್ಗೇಲಿ, ಅಂದ್ರೆ ಮರಳಲ್ಲಿ, ಸುಮ್ನೆ ಗೀರ್ಕೊಂಡೇ ಬರ್ತಿತ್ತು. ಅದ್ಕೆ ಈ ಎರಡು ಅಗಲ ಹಲಗೆ ಇರೋ 5 ಕೆಜಿದು ತಗೊಂಡೆ.

ಅಂಗಡಿಯವ್ರು "ಭಾರ ಇದೆ ಸಾರ್, ಚೈನ್ ಎಲ್ಲ ಬೇಡ" ಅಂತ ನೀರಲ್ಲಿ ತೇಲೋ ಪ್ಲಾಸ್ಟಿಕ್ ಹಗ್ಗ ಕಟ್ಟಿ ಕೊಟ್ರು, ಇದೇ ನಂಗೆ ಸಿಟ್ಟು. ಲಂಗರು ದೋಣೀನ ನಿಲ್ಸೋದು ಬರೀ ಭಾರದಿಂದ ಅಲ್ಲ ಮಾರಾಯ್ರೆ, ನೆಲಕ್ಕೆ ಹೂತ್ಕೊಂಡು. ಎಳೆತ ಅಡ್ಡಕ್ಕೆ ಬಿದ್ರೆ ಹಲಗೆ ಒಳಗೆ ಇಳೀತದೆ, ಮೇಲಕ್ಕೆ ಬಿದ್ರೆ ಕಿತ್ಕೊಂಡು ಬರ್ತದೆ, ಅಷ್ಟೇ. 8 ಎಂಎಂ ಚೈನ್ ಮೀಟರಿಗೆ ಸುಮಾರು 1.4 ಕೆಜಿ, ಮೂರು ಮೀಟರ್ ಹಾಕ್ಸಿದ ಮೇಲೆ ಲಂಗರಿನ ಕಾಂಡ (ಚೈನ್ ಕಟ್ಟೋ ಉದ್ದ ಕಂಬಿ) ನೆಲ ಬಿಟ್ಟು ಸುಲಭಕ್ಕೆ ಏಳ್ತಿಲ್ಲ. ಹಗ್ಗಾನೂ ನೈಲಾನ್ ಮಾಡ್ದೆ, ಅಲೆ ಜಗ್ಗಿದಾಗ ಸ್ವಲ್ಪ ಹಿಗ್ತದೆ. ಈ ಖರ್ಚು ಲಂಗರಿನ ಬೆಲೆಗೆ ಸೇರ್ಸಿ ನೋಡಿ.

ಹಾಕೋದೇ ಒಂದು ಖುಷಿ. ಎಸೆಯೋದಿಲ್ಲ, ಎಸೆದ್ರೆ ಚೈನ್ ಸುತ್ಕೊಳ್ತದೆ. ನಿಧಾನ ಇಳಿಸಿ, ದೋಣಿ ಹಿಂದೆ ಸರೀತಾ ಇದ್ದ ಹಾಗೆ ಹಗ್ಗ ಬಿಡ್ತಾ ಹೋಗೋದು. ಆಮೇಲೆ ಇಂಜಿನ್ ಸ್ವಲ್ಪ ರಿವರ್ಸ್, ಬಿಗಿಯಾದ ಹಗ್ಗದ ಮೇಲೆ ಅಂಗೈ. ಲಂಗರು ಜಾರ್ತಿದ್ರೆ ಹಗ್ಗ ಗರಗರ ನಡುಗೋದು ಕೈಗೆ ಗೊತ್ತಾಗ್ತದೆ, ಕಚ್ಚಿದ್ರೆ ಸುಮ್ನಿರ್ತದೆ. ದಡದಲ್ಲಿ ಒಂದು ತೆಂಗಿನಮರ, ಅದ್ರ ಹಿಂದೆ ಒಂದು ಹಂಚಿನ ಮನೆ ಮೂಲೆ ಒಂದೇ ಗೆರೇಲಿ ಇಟ್ಕೊಳ್ತೇನೆ, ಗೆರೆ ತಪ್ಪಿದ್ರೆ ದೋಣಿ ಹೊರಟಿದೆ ಅಂತ ಲೆಕ್ಕ.

ಎಳೆತ ಅಡ್ಡಕ್ಕೇ ಬೀಳ್ಬೇಕಂದ್ರೆ ಹಗ್ಗ ಉದ್ದ ಬಿಡ್ಬೇಕು, ಲೆಕ್ಕ ನೋಡಿ: ನೀರು 4 ಮೀಟರ್, ದೋಣಿ ಮೂತಿ ಎತ್ತರ 1, ಅದ್ರ ಐದು ಪಟ್ಟು ಅಂದ್ರೆ 25 ಮೀಟರ್, ಗಾಳಿ ಇದ್ರೆ ಏಳು ಪಟ್ಟು. ಉಬ್ಬರಕ್ಕೆ ನೀರು 1.5 ಮೀಟರ್ ಏರಿದ್ರೆ ಅದೇ 25 ಮೀಟರ್ ನಾಲ್ಕು ಪಟ್ಟಿಗೂ ಕಮ್ಮಿ ಆಯ್ತು, ಆಗ ಇನ್ನೂ ಹಗ್ಗ ಬಿಡ್ಬೇಕು, ಸುತ್ತ ಬೇರೆ ದೋಣಿ ಇದ್ರೆ ಅದೂ ಕಷ್ಟ.

ಈಗ ಬೇಜಾರಿನ ವಿಷ್ಯ. ಇಳಿತ ಮುಗ್ದು ನೀರು ಉಲ್ಟಾ ಹರಿಯೋಕೆ ಶುರುವಾದ್ರೆ ದೋಣಿ ಆ ಕಡೆ ತಿರುಗ್ತದೆ, ಎಳೆತಾನೂ ತಿರುಗ್ತದೆ, ಇದು ಕಿತ್ಕೊಂಡು ಎದ್ದು ಮತ್ತೆ ಕಚ್ಚಬೇಕಲ್ಲ, ಎಷ್ಟೋ ಸಲ ಕಚ್ಚೋದೇ ಇಲ್ಲ. ಮೇಲೆಳೆದು ನೋಡಿದ್ರೆ ಹಲಗೆ ಸಂದಿಲಿ ಮರುವಾಯಿ ಚಿಪ್ಪು ಸಿಕ್ಕಿ ಹಲಗೆ ಅಲ್ಲಾಡ್ತಾನೇ ಇಲ್ಲ. ಕೆಂಬೇರಿ ಮೀನು ಗಾಳ ಕಚ್ಚೋ ಹೊತ್ತಲ್ಲೇ ಇದನ್ನ ಬಿಡಿಸ್ತಾ ಕೂರ್ಬೇಕು. ಬಂಡೆ ಇರೋ ಕಡೆಗಂತೂ ಹಳೇ ಕೊಕ್ಕೇದೇ ಒಯ್ಯೋದು.

ರೋಕ್ನಾ ಅನ್ನೋ ಹೊಸ ನಮೂನೆ ಲಂಗರಿನ ತರದ್ದು ಎಳೆತ ತಿರುಗಿದ್ಮೇಲೆ ತಾನೇ ಹೂತ್ಕೊಳ್ತದೆ, ಆದ್ರೆ ಅದು ನನ್ನ ಬಜೆಟ್ ಅಲ್ಲ. ಎಚ್ಚರ ಇದ್ದು ಗಾಳ ಹಾಕೋರಿಗೆ ಇದು ಧಾರಾಳ ಸಾಕು, ಲಂಗರು ಹಾಕಿ ದೋಣೀಲೇ ರಾತ್ರಿ ಮಲಗೋರು ಮಾತ್ರ ತಗೋಬೇಡಿ.