ಮಂಗಳೂರು–ದುಬೈ ನೇರ ವಿಮಾನ: ಹೊತ್ತಿಗೆ ಮೋಸವಿಲ್ಲ, ಸೀಟು ಮಾತ್ರ ಇಕ್ಕಟ್ಟು

ಮಂಗಳೂರಿನಿಂದ ದುಬೈಗೆ ಆಕಾಶದ ದಾರಿ ಸುಮಾರು 2,450 ಕಿ.ಮೀ. ನಾಲ್ಕು ಗಂಟೆಯೊಳಗೆ ಇಳಿಸುತ್ತಾರೆ. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿಗೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು, ಅಲ್ವಾ! ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ ಟಿಕೆಟ್ ನೋಡಿ ಬರೀ ಎರಡೂವರೆ ಗಂಟೆ ಪ್ರಯಾಣ ಅಂತ ಖುಷಿಪಡಬೇಡಿ, ಹೊರಡುವುದಕ್ಕೆ ಇಲ್ಲಿನ ಸಮಯ, ತಲುಪುವುದಕ್ಕೆ ಅಲ್ಲಿನ ಸಮಯ ಹಾಕಿರುತ್ತಾರೆ. ವಾಪಸ್ ಬರುವಾಗ ಪಶ್ಚಿಮದ ಗಾಳಿ ಹಿಂದಿನಿಂದ ತಳ್ಳಿದರೆ ಸ್ವಲ್ಪ ಬೇಗ ಮುಟ್ಟಬಹುದು.

ನಾನು ಹೋದ ಬಜೆಟ್ ವಿಮಾನದಲ್ಲಿ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು, ಚಹಾಕ್ಕೂ ದುಡ್ಡು. ಆದರೂ ಮುಂಬೈಯಲ್ಲಿ ಇಳಿದು ಹತ್ತುವ ಗೋಳಿಗಿಂತ ಇದೇ ವಾಸಿ. ಕಿಟಕಿ ಸೀಟೇ ಹಿಡಿಯಿರಿ, ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ನೋಡಲಿಕ್ಕುಂಟು.