ಹಾಯಿದೋಣಿಯಲ್ಲಿ ಸಮುದ್ರದ ನೀರನ್ನು ಸಿಹಿಮಾಡುವ ಯಂತ್ರ: ಮೂರು ವರ್ಷಗಳ ಬಳಕೆಯ ನಂತರ

ನಾನು ಬೆಳೆದ ಧಾರವಾಡದಲ್ಲಿ ನಳದ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರು ಬಂದ ದಿನ ಮನೆಯ ಕೊಡ, ಹಂಡೆ, ಟಾಕಿಗಳೆಲ್ಲ ತುಂಬುವವರೆಗೆ ಯಾರೂ ಮಲಗುತ್ತಿರಲಿಲ್ಲ. ಹನ್ನೆರಡು ಮೀಟರ್ ಉದ್ದದ ನಮ್ಮ ಹಾಯಿದೋಣಿಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಅಟ್ಲಾಂಟಿಕ್ ದಾಟುವ ಯೋಚನೆ ಬಂದಾಗ, ಬಿರುಗಾಳಿಗಿಂತ ಮೊದಲು ನನ್ನನ್ನು ಕಾಡಿದ್ದು ನೀರಿನ ಲೆಕ್ಕವೇ. ಆ ಚಿಂತೆಯಿಂದಲೇ ಈ ಯಂತ್ರವನ್ನು ಕೊಂಡೆವು. ಅದಕ್ಕೆ ತೆತ್ತ ಹಣದಲ್ಲಿ ಊರಿನಲ್ಲಿ ಒಂದು ಸಣ್ಣ ಕಾರು ಬರುತ್ತಿತ್ತು.

ನಮ್ಮ ಮನೆಗಳ ಆರ್‌ಓ ಫಿಲ್ಟರ್‌ನ ತತ್ತ್ವವೇ ಇದರದ್ದೂ ಆಗಿದೆ, ಆದರೆ ಕೆಲಸ ಬಹಳ ಕಠಿಣ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ, ಪೊರೆಯ ಮೂಲಕ ಸಿಹಿನೀರನ್ನು ಹಿಂಡಿ ತೆಗೆಯಲು ಗಾಳಿಯ ಒತ್ತಡದ ಐವತ್ತು ಪಟ್ಟಿನಷ್ಟು ಒತ್ತಡ ಬೇಕಾಗುತ್ತದೆ. ಒಳಗೆಳೆದುಕೊಂಡ ಹತ್ತು ಲೀಟರ್‌ನಲ್ಲಿ ನಮಗೆ ದಕ್ಕುವುದು ಸುಮಾರು ಒಂದು ಲೀಟರ್ ಮಾತ್ರ. ಉಳಿದದ್ದು ಇನ್ನಷ್ಟು ಉಪ್ಪಾಗಿ ಸಮುದ್ರಕ್ಕೆ ಮರಳುತ್ತದೆ. ಹೊರಹೋಗುವ ಆ ನೀರಿನ ಒತ್ತಡವನ್ನೇ ಪಂಪು ಮತ್ತೆ ಬಳಸಿಕೊಳ್ಳುವುದರಿಂದ, 12 ವೋಲ್ಟ್ ಬ್ಯಾಟರಿಯ 9 ಆಂಪಿಯರ್ ವಿದ್ಯುತ್ತಿನಲ್ಲಿ ಗಂಟೆಗೆ 24 ಲೀಟರ್ ನೀರು ಸಿಗುತ್ತದೆ. ಬಿಸಿಲಿರುವ ದಿನ ಸೌರಫಲಕಗಳೇ ಇದಕ್ಕೆ ಸಾಕು.

ಡಿಸೆಂಬರ್‌ನಲ್ಲಿ ಗ್ರಾನ್ ಕನಾರಿಯಾ ದ್ವೀಪದ ಲಾಸ್ ಪಾಲ್ಮಾಸ್‌ನಿಂದ ಹೊರಟು ಕೆರಿಬಿಯನ್‌ನ ಸೇಂಟ್ ಲೂಸಿಯಾ ತಲುಪಲು ನಮಗೆ 21 ದಿನ ಬೇಕಾಯಿತು. ದೂರ ಸುಮಾರು 2,700 ನಾಟಿಕಲ್ ಮೈಲು, ಅಂದರೆ ಐದು ಸಾವಿರ ಕಿಲೋಮೀಟರ್. ಹೊರಡುವ ಹಿಂದಿನ ದಿನ ಅವ್ವ ಫೋನಿನಲ್ಲಿ, "ಟಾಕಿ ತುಂಬಿಸಿಕೊಂಡೇ ಹೊರಡಪ್ಪಾ, ಯಂತ್ರ ನಂಬಿ ಕೂಡಬ್ಯಾಡ್ರಿ" ಎಂದಳು. ಅವಳ ಮಾತಿನಂತೆ 300 ಲೀಟರ್‌ನ ಟಾಕಿಯನ್ನೂ 60 ಲೀಟರ್‌ನಷ್ಟು ಕ್ಯಾನುಗಳನ್ನೂ ತುಂಬಿಸಿ, ಪ್ರತಿದಿನ ಬಳಸಿದಷ್ಟನ್ನು ಯಂತ್ರದಿಂದ ಮರಳಿ ತುಂಬಿಸುವ ಪದ್ಧತಿ ಇಟ್ಟುಕೊಂಡೆವು.

ಮಕ್ಕಳಿರುವ ದೋಣಿಯಲ್ಲಿ ಈ ಯಂತ್ರ ತಂದ ಸುಖವನ್ನು ಲೀಟರ್‌ಗಳಲ್ಲಿ ಅಳೆಯಲಾಗದು. ಮೈಮೇಲೆ ಒಣಗಿದ ಉಪ್ಪು ಗಾಳಿಯ ತೇವವನ್ನು ಹೀರಿ ಚರ್ಮವನ್ನು ಸದಾ ಹಸಿಯಾಗಿಡುತ್ತದೆ. ಗಂಟೆಗಟ್ಟಲೆ ಕುಳಿತ ಮಕ್ಕಳ ತೊಡೆ, ಮೊಣಕಾಲಿನ ಹಿಂಭಾಗಗಳಲ್ಲಿ ಹುಣ್ಣುಗಳೇಳುತ್ತವೆ. ಸಂಜೆ ಒಬ್ಬೊಬ್ಬರಿಗೆ ಎರಡು ಲೀಟರ್ ಸಿಹಿನೀರಿನಲ್ಲಿ ಮೈ ಒರೆಸಲು ಶುರುಮಾಡಿದ ಮೇಲೆ ಮಗನ ಹುಣ್ಣು ನಾಲ್ಕೇ ದಿನಗಳಲ್ಲಿ ಮಾಯ್ದಿತು. ಅನ್ನಕ್ಕೆ ಸ್ವಲ್ಪ ಸಮುದ್ರದ ನೀರು ಬೆರೆಸಿ ಉಪ್ಪಿನ ಖರ್ಚು ಉಳಿಸಬಹುದು, ಪಾತ್ರೆಗಳನ್ನು ಮೊದಲು ಉಪ್ಪುನೀರಿನಲ್ಲೇ ತಿಕ್ಕಬಹುದು, ಆದರೆ ಜೋಳದ ಹಿಟ್ಟು ನಾದಲು ಸಿಹಿನೀರೇ ಬೇಕು. ತೂಗಾಡುವ ಒಲೆಯ ಮೇಲೆ ಹೆಂಡತಿ ರೊಟ್ಟಿ ಬೇಯಿಸಿದ ದಿನ ನಾವೆಲ್ಲರೂ ಊರನ್ನು ನೆನೆದು ಉಂಡೆವು.

ಹುಬ್ಬಳ್ಳಿಯಲ್ಲಿ ಕೊಂಡ ಪೆನ್ನಿನಂಥ ಟಿಡಿಎಸ್ (ಒಂದು ಲೀಟರ್ ನೀರಿನಲ್ಲಿ ಕರಗಿದ ಲವಣಾಂಶ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ) ಮೀಟರ್‌ನಿಂದ ಪ್ರತಿ ಮಧ್ಯಾಹ್ನ ನೀರನ್ನು ಅಳೆದು ವಹಿಯಲ್ಲಿ ಬರೆಯುವುದು ಹನ್ನೊಂದು ವರ್ಷದ ಮಗಳ ಕೆಲಸವಾಗಿತ್ತು. ಹೊಸದಿದ್ದಾಗ 280 ಇದ್ದ ಅಂಕಿ ಈಗ 340ರ ಆಸುಪಾಸಿನಲ್ಲಿದೆ; ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ 500 ಎಂಬುದನ್ನು ನೋಡಿದರೆ ಇದು ತೃಪ್ತಿಕರ. ಸಮುದ್ರ ಬೆಚ್ಚಗಾದಂತೆ ನೀರು ಹೆಚ್ಚು ಬರುತ್ತದೆ, ಜೊತೆಗೆ ಉಪ್ಪಿನಂಶವೂ ತುಸು ಏರುತ್ತದೆ.

ಹನ್ನೊಂದನೆಯ ದಿನ ಆ ಅಂಕಿ 700 ದಾಟಿತು, ನೀರು ಅರ್ಧಕ್ಕಿಳಿಯಿತು. ಪೊರೆಯೇ ಕೆಟ್ಟಿತೆಂದು ನಾವು ಎರಡು ದಿನ ಕಳವಳಪಟ್ಟೆವು. ಕೊನೆಗೆ ನೋಡಿದರೆ, ಮೊದಲ ಫಿಲ್ಟರ್‌ನ ಮುಚ್ಚಳದ ರಬ್ಬರ್ ಉಂಗುರ ಸವೆದು ಗಾಳಿ ಒಳಸೇರುತ್ತಿತ್ತು. ಯಂತ್ರದ ಜೊತೆ ಕೊಟ್ಟ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಅದೊಂದು ಉಂಗುರವೇ ಇರಲಿಲ್ಲ, ಇದು ನನ್ನ ದೊಡ್ಡ ದೂರು. ಹಳೆಯದನ್ನೇ ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಿದೆವು. ಆ ಎರಡು ದಿನ ಮಕ್ಕಳ ಮುಂದೆ ನಾವು ಧೈರ್ಯವಾಗಿರಲು ಸಾಧ್ಯವಾದದ್ದು ಟಾಕಿ ತುಂಬಿದ್ದರಿಂದಲೇ: ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 16 ಲೀಟರ್‌ನಂತೆ ದಡ ಮುಟ್ಟುವವರೆಗೂ ನೀರಿತ್ತು.

ಇನ್ನೊಂದು ತೊಂದರೆ ಜೋಡಣೆಯದು. ಬೆನ್ನಗಾಳಿಯಲ್ಲಿ ದೋಣಿ ಎಡಕ್ಕೂ ಬಲಕ್ಕೂ ಹೊರಳುವಾಗ ನೀರೆಳೆಯುವ ರಂಧ್ರ ಮೇಲೆದ್ದು ಗಾಳಿ ಹೀರುತ್ತಿತ್ತು. ಅದನ್ನು ತಳದ ನಡುಭಾಗದ ಸಮೀಪ ಕೊರೆಸಬೇಕು. ನಾವು ಹಣ ಉಳಿಸಲು ಹಳೆಯ ರಂಧ್ರವನ್ನೇ ಬಳಸಿದ್ದು ತಪ್ಪಾಯಿತು. ಪಂಪಿನ ಸದ್ದೂ ಸಣ್ಣದಲ್ಲ. ರಾತ್ರಿ ಕಾವಲು ಮುಗಿಸಿ ಮಲಗಿದವರಿಗೆ ನಿದ್ದೆ ಕೆಡದಂತೆ ಮಧ್ಯಾಹ್ನವೇ ಓಡಿಸಬೇಕಾಗುತ್ತದೆ.

ಆರೈಕೆಯಲ್ಲಿ ಒಂದು ನಿಯಮವನ್ನು ಮಾತ್ರ ಎಂದೂ ಮುರಿಯಬಾರದು. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಐದಾರು ದಿನಕ್ಕೊಮ್ಮೆ ಸಿಹಿನೀರು ಹಾಯಿಸಿ ಪೊರೆ ತೊಳೆಯಬೇಕು, ಆದರೆ ಬಂದರಿನ ನಳದ ನೀರಿನಲ್ಲಿರುವ ಕ್ಲೋರಿನ್ ಪೊರೆಯನ್ನು ಹಾಳುಮಾಡುವುದರಿಂದ ಅದನ್ನು ಇದ್ದಿಲಿನ ಫಿಲ್ಟರ್ ಮೂಲಕವೇ ಬಿಡಬೇಕು.

ಇಬ್ಬರೇ ದಾಟುವುದಾದರೆ, ಟಾಕಿ ದೊಡ್ಡದಿದ್ದರೆ, ಇದು ಬೇಕಿಲ್ಲ ಎಂದೇ ಹೇಳುತ್ತೇನೆ. ಮಕ್ಕಳೊಂದಿಗೆ ಹೋಗುವವರು ಕೊಳ್ಳಿ, ರಬ್ಬರ್ ಉಂಗುರಗಳನ್ನು ಬೇರೆಯಾಗಿ ಹತ್ತು ತೆಗೆದಿಡಿ. ಕೆರಿಬಿಯನ್‌ನ ಚಂಡಮಾರುತದ ಕಾಲ ನವೆಂಬರ್‌ಗೆ ಮುಗಿಯುತ್ತದೆ. ಅಲ್ಲಿಯವರೆಗೆ ಪೊರೆಯನ್ನು ಸಂರಕ್ಷಕ ದ್ರಾವಣದಲ್ಲಿ ಮುಳುಗಿಸಿಟ್ಟು, ದಿನಾಂಕ ಬರೆದ ಚೀಟಿ ಅಂಟಿಸಿ ಧಾರವಾಡಕ್ಕೆ ಬಂದಿದ್ದೇವೆ.