ತಲೆಹೊಟ್ಟಿಗೆ ‘ಶಾಶ್ವತ ಪರಿಹಾರ’ ಅಂತ ನಂಬಿ 8,500 ಕಳೆದುಕೊಂಡೆ, ನೀವು ಹೋಗಬೇಡಿ

ಕಾಸರಗೋಡು ಕಡೆಯವರು ದಯವಿಟ್ಟು ಓದಿ. ಬರೆಯಲು ನಾಚಿಕೆ ಆಗುತ್ತಿದೆ. ಆದರೆ ನಿನ್ನೆ ಪಕ್ಕದ ಮನೆಯ ಹುಡುಗಿಯೂ ನಾನು ಮೋಸಹೋದ ಕೂದಲಿನ ಕ್ಲಿನಿಕ್ಕಿಗೇ ಹೊರಟಿದ್ದಳು, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಎರಡು ವರ್ಷದಿಂದ ತಲೆಹೊಟ್ಟು. ಕಪ್ಪು ಚೂಡಿದಾರ ಹಾಕುವುದನ್ನೇ ಬಿಟ್ಟಿದ್ದೆ. ತಂಗಿಯ ಮದುವೆ ಹತ್ತಿರ ಬಂತು. ಪೇಟೆಯಲ್ಲಿ ಒಂದು ಕೂದಲಿನ ಕ್ಲಿನಿಕ್ ಬೋರ್ಡ್ ಕಂಡಿತು, ಮೂರು ತಿಂಗಳಲ್ಲಿ ಶಾಶ್ವತ ಪರಿಹಾರ ಅಂತ. ಬದಿಯಡ್ಕದಿಂದ ಬಸ್ ಹತ್ತಿದೆ.

ಅಲ್ಲಿ ಪೆನ್ನಿನಂಥ ಕ್ಯಾಮೆರಾವನ್ನು ನೆತ್ತಿಗೆ ಒತ್ತಿ ಟಿವಿಯಲ್ಲಿ ತೋರಿಸಿದರು. ಒಂದೊಂದು ಕೂದಲೂ ಅಡಿಕೆ ಮರದ ಹಾಗೆ, ಬುಡದಲ್ಲಿ ಹಳದಿ ಚಕ್ಕೆ. ‘ನೋಡಿ, ಇದೇ ಫಂಗಸ್. ಬೇರು ತಿಂತಾ ಇದೆ. ಆರು ತಿಂಗಳು ಬಿಟ್ರೆ ತಲೆ ಬೋಳು’ ಅಂದರು. ಅಲ್ಲೇ ನಾನು ಬಿದ್ದೆ. ನನ್ನದೇ ತಲೆಯನ್ನು ಅಷ್ಟು ದೊಡ್ಡದಾಗಿ ನೋಡಿ ಕೈಕಾಲು ತಣ್ಣಗಾಯಿತು. ಮಾತೆಲ್ಲ ಚಂದದ ಕನ್ನಡದಲ್ಲಿ. ಸಹಿ ಹಾಕಿಸಿದ ಕಾಗದ ಮಾತ್ರ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಏನು ಬರೆದಿದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. 8,500 ಕೊಟ್ಟೆ.

ಕೊಟ್ಟದ್ದು ಎಣ್ಣೆ. ದಿನಾ ರಾತ್ರಿ ಹಚ್ಚಿ ಹಾಗೇ ಬಿಡಬೇಕು, ವಾರಕ್ಕೊಮ್ಮೆ ಮಾತ್ರ ತಲೆಗೆ ಸ್ನಾನ, ಶಾಂಪೂ ಮುಟ್ಟಲೇಬಾರದು. ಮೂರನೇ ವಾರಕ್ಕೆ ಹುಬ್ಬಿನಲ್ಲಿ, ಕಿವಿಯ ಹಿಂದೆ ಕೆಂಪಾಗಿ ಸಿಪ್ಪೆ ಏಳತೊಡಗಿತು. ತಲೆಯಲ್ಲಿ ಅಂಟು ಅಂಟು ಪದರ. ರಾತ್ರಿಯಿಡೀ ತುರಿಕೆ. ಫೋಟೋ ಕಳಿಸಿದೆ.

‘ಒಳಗಿದ್ದದ್ದು ಹೊರಗೆ ಬರ್ತಾ ಇದೆ ಮೇಡಂ, ಒಳ್ಳೇ ಲಕ್ಷಣ.’

ಒಳ್ಳೇ ಲಕ್ಷಣ ಅಂತೆ! ಮತ್ತೊಂದು ವಾರ ಕಾದೆ. ಆಗ, ‘ಮೀನು ತಿಂದಿದ್ದೀರಾ?’ ನಮ್ಮ ಮನೆಯಲ್ಲಿ ಮೀನೇ ಇಲ್ಲ. ‘ಹಾಗಾದ್ರೆ ಟೆನ್ಷನ್ ಜಾಸ್ತಿ ಮಾಡ್ತೀರಿ. ಇನ್ನೊಂದು ಪ್ಯಾಕೇಜ್ ಉಂಟು, 6,000.’ ಹಣ ವಾಪಸ್ ಕೊಡಿ ಅಂದೆ. ‘ನೀವು ಸಹಿ ಹಾಕಿದ ಕಾಗದದಲ್ಲೇ ಉಂಟಲ್ಲ.’ ಪಕ್ಕದ ಮನೆಯವರು ಓದಿ ಹೇಳಿದರು, ಕಟ್ಟಿದ ಹಣ ವಾಪಸ್ ಇಲ್ಲ ಅಂತ.

ಕೊನೆಗೆ ಮಂಗಳೂರಿನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಸೆಬೋರಿಕ್ ಡರ್ಮಟೈಟಿಸ್ ಅಂದರು, ತಲೆಹೊಟ್ಟೇ ಜೋರಾದ ರೂಪ. ಮಲಸೇಸಿಯಾ ಅನ್ನುವ ಫಂಗಸ್ ಎಲ್ಲರ ನೆತ್ತಿಯಲ್ಲೂ ಇರುತ್ತದಂತೆ. ಜಿಡ್ಡೇ ಅದರ ಊಟ. ನಾನು ದಿನಾ ರಾತ್ರಿ ಅದಕ್ಕೆ ಬಡಿಸುತ್ತಿದ್ದೆ! ಅದು ಬೇರು ತಿನ್ನುವುದಿಲ್ಲ. ಆ ಕ್ಯಾಮೆರಾಗೆ ಕಾಣುವಷ್ಟು ದೊಡ್ಡದೂ ಅಲ್ಲ, ಮೈಕ್ರೋಸ್ಕೋಪ್ ಬೇಕು. ಹಾಗಾದರೆ ಟಿವಿಯಲ್ಲಿ ನನ್ನನ್ನು ಹೆದರಿಸಿದ್ದು ಬರೀ ಸತ್ತ ಚರ್ಮ.

ಬರೆದುಕೊಟ್ಟದ್ದು ಕೀಟೋಕೊನಜೋಲ್ 2% ಶಾಂಪೂ, ಫಂಗಸ್ ಕಡಿಮೆ ಮಾಡುವ ಔಷಧಿ ಇರುವಂಥದ್ದು. ವಾರಕ್ಕೆ ಎರಡು ಸಲ, ನಾಲ್ಕು ವಾರ. ನೆತ್ತಿಗೆ ತಾಗುವಂತೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ಮೊದಲೆಲ್ಲ ನಾನು ಹೊಟ್ಟಿನ ಶಾಂಪೂ ಹಾಕಿದ ಕೂಡಲೇ ತೊಳೆದುಬಿಡುತ್ತಿದ್ದೆ, ಅದಕ್ಕೇ ಹಿಡಿದಿರಲಿಲ್ಲ. ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಅಂತ ಡಾಕ್ಟರು ಮೊದಲೇ ಹೇಳಿದರು. ಈಗ ತುರಿಕೆ ನಿಂತಿದೆ. ಮದುವೆ ಫೋಟೋದಲ್ಲಿ ಮಾತ್ರ ಹುಬ್ಬು ಕೆಂಪಗೇ ಉಳಿಯಿತು.

ಶಾಶ್ವತ ಅಂದವರ ಹತ್ತಿರ ಹೋಗಬೇಡಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ನಾನು ಬಿಲ್ಲು, ಮೆಸೇಜು, ಉಳಿದ ಬಾಟಲಿ ಎಲ್ಲ ಇಟ್ಟಿದ್ದೇನೆ. ಸೋಮವಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಓದಿ ಹೇಳಲು ಪಕ್ಕದ ಮನೆಯವರೂ ಬರುತ್ತಾರೆ.